ಐದೂವರೆ ಪೌಂಡ್ ಗಾಳಿ

ಮಾರ್ಚ್ ೩, ಸೋಮವಾರ

ನನ್ನ ಬೈಕನ್ನು ಇವತ್ತು ನನ್ನ ನಾದಿನಿಗೆ ಕೊಟ್ಟರು. ಕೊಟ್ಟವರು ಬೇರೆ ಯಾರೂ ಅಲ್ಲ, ನಮ್ಮದೇ ಬಸ್ ಡಿಪೋದ ಕಾರ್ಮಿಕ ಸಂಘ. ಒಪ್ಪಿಗೆಗೆ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಎತ್ತದೆ ಏನು ಮಾಡಲಿ? ಸುತ್ತ ಕೂತಿದ್ದ ಮೆಕ್ಯಾನಿಕ್ಕುಗಳು, ಕಂಡಕ್ಟರುಗಳು, ಬಸ್ಸು ತೊಳೆಯುವ ಹೆಂಗಸರು ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಕಾಂಟ್ರಾಕ್ಟ್ ಕೆಲಸಗಾರರನ್ನು ಕಾಯಂ ಮಾಡಿ ಎಂದು ಹೋದ ವರ್ಷ ಗೇಟಿನ ಮುಂದೆ ಗಂಟಲು ಹರಿಯುವ ಹಾಗೆ ಕೂಗಿದವಳು ನಾನು. ಆ ಮುಷ್ಕರದಲ್ಲಿ ಆಡಳಿತದವರ ಮುಷ್ಟಿಯಿಂದ ನಾವು ಕಿತ್ತುಕೊಂಡದ್ದು ಒಂದು ಚೂರು ಮಾತ್ರ: ಡಿಪೋ ಡಿಪೋಗಳ ಕ್ರೀಡಾಕೂಟದಲ್ಲಿ ಮೊದಲ ಮೂರರಲ್ಲಿ ಬಂದ ಕಾಂಟ್ರಾಕ್ಟ್ ಕೆಲಸಗಾರರನ್ನು ಕಾಯಂ ಮಾಡುತ್ತಾರಂತೆ. ಬೆವರು ಹರಿಸಿದವರಿಗೆ ಕೆಲಸ ಇಲ್ಲ, ಆಟ ಆಡಿದವರಿಗೆ ಇದೆ. ಇರಲಿ, ಸಿಕ್ಕಿದಷ್ಟು ಸಿಕ್ಕಿತು.

ಆ ಚೂರು ಈ ಸಲ ಗುಬ್ಬಿಯ ಪಾಲಿಗೆ ಬಂದಿದೆ. ಗುಬ್ಬಿ ಅಂದರೆ ನನ್ನ ಗಂಡನ ತಂಗಿ. ಡಿಪೋದಲ್ಲಿ ಕಾಂಟ್ರಾಕ್ಟ್ ಮೇಲೆ ಬಸ್ಸು ತೊಳೆಯುತ್ತಾಳೆ, ನಮ್ಮ ಮನೆಯಲ್ಲೇ ಇದ್ದಾಳೆ. ಮೈಯಲ್ಲಿ ಮಾಂಸ ಇಲ್ಲ, ಬಾಯಿಗೆ ಮಾತ್ರ ಬಿಡುವಿಲ್ಲ. ಅದಕ್ಕೇ ಆ ಹೆಸರು.

ಬೈಕು ಲೆಕ್ಕಕ್ಕೆ ಸಂಘದ್ದು. ಆದರೆ ಅದರ ಮೇಲೆ ಆರು ವರ್ಷ ನಿಂತವಳು ನಾನು. ಕೂತವಳು ಅಲ್ಲ, ನಿಂತವಳು. ಟ್ರಯಲ್ಸ್ ಬೈಕಿಗೆ ಸೀಟೇ ಇರುವುದಿಲ್ಲ. ಈ ಆಟದಲ್ಲಿ ವೇಗವನ್ನು ಯಾರೂ ಕೇಳುವುದಿಲ್ಲ. ಬಂಡೆ, ಮರದ ದಿಮ್ಮಿ, ಕೆಸರು, ಸಿಮೆಂಟಿನ ಮೆಟ್ಟಿಲು, ಏನೇ ಎದುರಾಗಲಿ, ಕಾಲು ನೆಲಕ್ಕೆ ತಾಗಿಸದೆ ದಾಟಬೇಕು. ಒಮ್ಮೆ ಕಾಲೂರಿದರೆ ಒಂದು ದಂಡ. ಬಿದ್ದರೆ ಐದು. ಕೊನೆಗೆ ದಂಡ ಕಡಿಮೆ ಇದ್ದವರು ಗೆದ್ದ ಹಾಗೆ. ಹೋದ ವರ್ಷ ನಾನು ಗಾಳಿ ಕಡಿಮೆ ಇಟ್ಟುಕೊಂಡು ಒಂದು ಬಂಡೆ ಹತ್ತಿದೆ. ಟೈರು ರಿಮ್ಮಿನಿಂದ ಕಳಚಿಕೊಂಡಿತು. ಬೈಕು ಒಂದು ಕಡೆ, ನಾನು ಒಂದು ಕಡೆ, ಮೊಣಕಾಲು ಇನ್ನೊಂದು ಕಡೆ. ಅವತ್ತಿಗೆ ನನ್ನ ಆಟ ಮುಗಿಯಿತು.

ಈಗ ನಾನು ಗುಬ್ಬಿಯ ಜೊತೆಗಾರ್ತಿ. ಅವಳ ಪಕ್ಕ ನಡೆಯಬೇಕು, ಬೈಕು ಜಾರಿದರೆ ಹಿಡಿಯಬೇಕು, ಟೈರಿಗೆ ಗಾಳಿ ನೋಡಬೇಕು. "ಗಾಳಿ ವಿಷಯ ನಿಮಗಿಂತ ಯಾರಿಗೆ ಗೊತ್ತು?" ಎಂದು ಸಂಘದ ಕಾರ್ಯದರ್ಶಿ ಬೆಣ್ಣೆ ಹಚ್ಚಿದರು.

ಮನೆಗೆ ಬಂದರೆ ನನ್ನ ಗಂಡನಿಗೆ ಖುಷಿಯೋ ಖುಷಿ. "ಬೈಕು ಮನೇಲೇ ಉಳೀತಲ್ಲ ಬಿಡೇ" ಅಂದರು. ಅವರು ಕಂಡಕ್ಟರು.

"ಹಾಗಾದ್ರೆ ನಿಮ್ಮ ಟಿಕೆಟ್ ಮೆಷಿನ್ನೂ ತಂಗಿಗೇ ಕೊಟ್ಬಿಡಿ. ಮನೇಲೇ ಉಳಿಯುತ್ತೆ" ಅಂದೆ.

ಗುಬ್ಬಿ ನಕ್ಕಳು. ಅವಳಿಗೆ ಎಲ್ಲದಕ್ಕೂ ನಗು.

ಮಾರ್ಚ್ ೫, ಬುಧವಾರ

ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಟೈರು ವಿಭಾಗದ ಗುಂಡಿಯಲ್ಲಿ, ಮೇಲೆ ನಿಲ್ಲಿಸಿದ ಬಸ್ಸುಗಳ ಟೈರುಗಳು. ನೂರಹತ್ತು ಪೌಂಡ್ ಗಾಳಿ, ಕಲ್ಲಿನ ಹಾಗೆ. ಅಲ್ಲಿ ಒಂದು ಪೌಂಡ್ ಹೆಚ್ಚು ಕಡಿಮೆ ಆದರೆ ಕೇಳುವವರಿಲ್ಲ. ಸಂಜೆ ಟ್ರಯಲ್ಸ್ ಬೈಕು. ಅದರ ಹಿಂದಿನ ಟೈರಿಗೆ ಐದೂವರೆ ಪೌಂಡ್. ಅಷ್ಟೇ! ಇಲ್ಲಿ ಒಂದು ಪೌಂಡ್ ಅಂದರೆ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು. ಗಾಳಿ ಹೆಚ್ಚಾದರೆ ಟೈರು ಚೆಂಡಿನ ಹಾಗೆ ಪುಟಿದು ಕಲ್ಲಿನ ಮೇಲೆ ನಿಲ್ಲುವುದಿಲ್ಲ. ಕಡಿಮೆಯಾದರೆ ಕಲ್ಲಿನ ಅಂಚು ರಬ್ಬರನ್ನು ದಾಟಿ ರಿಮ್ಮಿಗೇ ಬಡಿಯುತ್ತದೆ. ಎರಡರ ನಡುವೆ ಒಂದು ಜಾಗ ಇದೆ. ಅದನ್ನು ಹುಡುಕುವುದೇ ವಿದ್ಯೆ.

ನಾನು ಹುಡುಕುವ ರೀತಿ ಇದು: ಗೇಜು ನೋಡಿ ಗಾಳಿ ಹಾಕುತ್ತೇನೆ. ಆಮೇಲೆ ಬೈಕಿನ ಮೇಲೆ ಎರಡೂ ಕಾಲಿಟ್ಟು ನಿಂತು ಸೊಂಟದಿಂದ ಒಂದು ಸಲ ಕುಕ್ಕುತ್ತೇನೆ. ಟೈರಿನ ಹೊಟ್ಟೆ ಎರಡು ಬೆರಳಗಲ ಉಬ್ಬಿದರೆ ಸರಿ. ಮೊಣಕಾಲು ಹೋದರೂ ನಿಲ್ಲುವುದಕ್ಕೆ ತೊಂದರೆ ಇಲ್ಲ. ಇವತ್ತು ನಿಂತೆ. ಕುಕ್ಕಿದೆ. ಎರಡು ಬೆರಳು. ಐದೂವರೆ.

ಆ ಒಂದು ಗಳಿಗೆ ಬೈಕು ನನ್ನದೇ ಆಗಿತ್ತು. ಇಳಿಯುವುದಕ್ಕೆ ಮನಸ್ಸಿಲ್ಲ. "ಅತ್ತಿಗೆ, ನನಗೂ ಒಂಚೂರು ಬಿಡಿ" ಎಂದು ಗುಬ್ಬಿ ಹಿಂದಿನಿಂದ ಕೂಗಿದಳು.

ಅಭ್ಯಾಸದ ಜಾಗ ಡಿಪೋದ ಹಿಂದೆ, ಬಸ್ಸು ತೊಳೆಯುವ ಕಟ್ಟೆಯ ಪಕ್ಕ. ತೊಳೆದ ನೀರೆಲ್ಲ ಹರಿದು ಒಳ್ಳೆ ಕೆಸರು. ಆಚೆ ಒಡೆದ ಸಿಮೆಂಟ್ ದಿಮ್ಮಿಗಳು, ಗುಡ್ಡದಿಂದ ಉರುಳಿಸಿ ತಂದ ಬಂಡೆಗಳು. ಗುಬ್ಬಿ ಮೂರನೇ ಬಂಡೆಗೆ ಜಾರಿದಳು. ಐದು ದಂಡ.

ಮಾರ್ಚ್ ೯, ಭಾನುವಾರ

ಈ ಮನೆಯಲ್ಲಿ ಈಗ ಒಂದೇ ಮಾತು. ಗುಬ್ಬಿ ಅಡುಗೆಮನೆಯಲ್ಲಿ ಒಂಟಿಕಾಲಲ್ಲಿ ನಿಂತು ಈರುಳ್ಳಿ ಹೆಚ್ಚುತ್ತಾಳೆ, ಗುಬ್ಬಿ ಕಣ್ಣು ಮುಚ್ಚಿಕೊಂಡು ಹೊಸಿಲ ಮೇಲೆ ನಡೆಯುತ್ತಾಳೆ. ನನ್ನ ಗಂಡ ಅದನ್ನು ಸರ್ಕಸ್ಸಿಗೆ ಟಿಕೆಟ್ ತೆಗೆದವರ ಹಾಗೆ ಕೂತು ನೋಡುತ್ತಾರೆ. ಆರು ವರ್ಷ ನಾನು ಬಂಡೆ ಹತ್ತಿದೆ. ಒಂದು ದಿನ ಬಂದು ನೋಡಿದರಾ? "ಡ್ಯೂಟಿ ಇತ್ತು ಕಣೇ." ಈಗ ಯಾವ ಡ್ಯೂಟಿಯೂ ಇಲ್ಲ.

ಬ್ರೇಕಣ್ಣ ಇನ್ನೂ ಒಂದು ಹೆಜ್ಜೆ ಮುಂದೆ. ಬ್ರೇಕಣ್ಣ ನಿವೃತ್ತ ಡ್ರೈವರ್, ನಮಗೆ ಬೈಕು ಕಲಿಸುವವರು. ನೌಕರಿಯಲ್ಲಿ ಇದ್ದಷ್ಟು ದಿನವೂ ಬ್ರೇಕ್ ಮೇಲಿಂದ ಕಾಲು ತೆಗೆಯಲಿಲ್ಲ ಎಂದು ಆ ಹೆಸರು. ಇವತ್ತು ಗುಬ್ಬಿ ಬೈಕನ್ನು ನಿಲ್ಲಿಸಿ, ಕಾಲೂರದೆ, ಅಲ್ಲಾಡದೆ, ಮೇಲೆ ನಿಂತುಕೊಂಡೇ ಅವರ ಹತ್ತಿರ ಹರಟೆ ಹೊಡೆದಳು. ಸೀನಿದಳು ಕೂಡ. ಬೀಳಲಿಲ್ಲ.

"ಇದು ಕಲ್ತು ಬರೋದಲ್ಲಮ್ಮ, ಹುಟ್ಟಿನಿಂದ ಬರಬೇಕು" ಅಂದರು ಬ್ರೇಕಣ್ಣ, ನನ್ನ ಎದುರಿಗೇ.

ಹಾಗೆ ನಿಲ್ಲುವುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿದಿತ್ತು. ಹುಟ್ಟಿನಿಂದ ಬಂದದ್ದಕ್ಕೆ ಚಪ್ಪಾಳೆ, ಮೈ ಮುರಿದು ಕಲಿತದ್ದಕ್ಕೆ ಮೊಣಕಾಲು ನೋವು. ಇದು ಯಾವ ನ್ಯಾಯ? ಇದನ್ನು ಕೇಳಲು ಯಾವ ಗೇಟಿನ ಮುಂದೆ ಕೂರಬೇಕು?

ಮಾರ್ಚ್ ೧೩, ಗುರುವಾರ

ಗುಬ್ಬಿ ಇವತ್ತೂ ಬಿದ್ದಳು. ನಿಲ್ಲುವುದು ಬರುತ್ತದೆ, ಹತ್ತುವುದು ಬರುತ್ತಿಲ್ಲ. ಬಂಡೆ ಮುಟ್ಟಿದ ಕೂಡಲೇ ಹಿಂದಿನ ಚಕ್ರ ಪುಟಿದು ಪಕ್ಕಕ್ಕೆ ಹಾರುತ್ತದೆ. ಬ್ರೇಕಣ್ಣ ತಲೆ ಕೆರೆದುಕೊಂಡರು. ಕ್ಲಚ್ಚು ಅಂದರು, ಭುಜ ಅಂದರು, ಧೈರ್ಯ ಅಂದರು.

ಹುಟ್ಟಿನಿಂದ ಬಂದದ್ದು ಎಲ್ಲಿಗೆ ಹೋಯಿತೋ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಊಟ ರುಚಿಸಿತು. ಎರಡು ಸಲ ಬಡಿಸಿಕೊಂಡೆ.

ಮಾರ್ಚ್ ೧೪, ಶುಕ್ರವಾರ

ಮತ್ತೆ ಬಿದ್ದಳು. ಮೊಣಕೈ ತರಚಿದೆ. ಮುಲಾಮು ಹಚ್ಚಿದೆ. ಅವಳು "ಅಮ್ಮಾ" ಅಂದಾಗ ಸ್ವಲ್ಪ ಒತ್ತಿ ಹಚ್ಚಿದೆ.

ಮಾರ್ಚ್ ೧೮, ಮಂಗಳವಾರ

ಬೈಕಿನ ಚೈನು ಸಡಿಲ ಇತ್ತು. ಗುಬ್ಬಿಯನ್ನು ಮೇಲೆ ನಿಲ್ಲಿಸಿ ನಾನು ನೆಲಕ್ಕೆ ಬಗ್ಗಿ ಕೂತು ನೋಡುತ್ತಿದ್ದೆ. ಅವಳು ಯಾವುದೋ ಬಸ್ಸಿನ ಡ್ರೈವರನ ಅಣಕ ಮಾಡುತ್ತ ಮೇಲೆ ಕುಣಿಯುತ್ತಿದ್ದಳು. ನನ್ನ ಕಣ್ಣು ಚೈನಿನಿಂದ ಟೈರಿಗೆ ಹೋಯಿತು.

ಟೈರು ಉಬ್ಬಲೇ ಇಲ್ಲ.

ಅವಳು ಕುಣಿದರೂ ಉಬ್ಬಲಿಲ್ಲ. ತನ್ನ ಮೇಲೆ ಒಬ್ಬಳು ನಿಂತಿದ್ದಾಳೆ ಎಂಬುದೇ ಆ ಟೈರಿಗೆ ಗೊತ್ತಿಲ್ಲ. ಐದೂವರೆ ಪೌಂಡು ನನಗೆ ಎರಡು ಬೆರಳು. ಗುಬ್ಬಿಯ ತೂಕ ನನ್ನದರ ಅರ್ಧಕ್ಕಿಂತ ತುಸು ಹೆಚ್ಚು. ಇಷ್ಟು ದಿನ ನಾನು ನಿಂತು, ನಾನು ಕುಕ್ಕಿ, ನನ್ನ ಮೈಗೆ ಗಾಳಿ ಹಾಕಿ, ಅವಳನ್ನು ಹತ್ತಿಸಿದ್ದೇನೆ. ಬೇರೆಯವರ ಚಪ್ಪಲಿ ಹಾಕಿಕೊಂಡು ಓಡು ಎಂದ ಹಾಗೆ.

"ಚೈನ್ ಆಯ್ತಾ ಅತ್ತಿಗೆ?"

"ಆಯ್ತು. ಹೋಗು."

ಹೋದಳು. ಎರಡನೇ ಬಂಡೆಗೆ ಬಿದ್ದಳು.

ನಾನು ಸುಳ್ಳು ಹೇಳಿಲ್ಲ. ಅವಳು ಕೇಳಿದ್ದು ಚೈನಿನ ವಿಷಯ. ಅದಲ್ಲದೆ ಕಡಿಮೆ ಗಾಳಿ ಅಂದರೆ ಏನು ಅನ್ನುವುದು ನನ್ನ ಮೊಣಕಾಲಿಗೆ ಗೊತ್ತು. ಅವಳ ಕಾಲು ಗಟ್ಟಿಯಾಗಿರಲಿ ಅಂತಲೇ ಗಾಳಿ ಹೆಚ್ಚಿಗೆ ಇದೆ. ಹೌದು, ಅದಕ್ಕೇ.

ಮಾರ್ಚ್ ೧೯, ಬುಧವಾರ

ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ.

ಮಾರ್ಚ್ ೨೧, ಶುಕ್ರವಾರ

ಸಂಜೆ ಮ್ಯಾನೇಜರ್ ಅಭ್ಯಾಸ ನೋಡಲು ಬಂದ. ಕೆಸರು ಹಾರಿದರೆ ಷೂಗೆ ತಾಗೀತು ಎಂದು ಕಟ್ಟೆಯ ಮೇಲೇ ನಿಂತ. ಬಸ್ಸು ತೊಳೆಯುವ ಹೆಂಗಸರು ಕೆಲಸ ನಿಲ್ಲಿಸಿ ಬಕೆಟ್ಟು ಹಿಡಿದು ಸಾಲಾಗಿ ನಿಂತಿದ್ದರು. ಗುಬ್ಬಿ ಗೆದ್ದರೆ ಅವರಲ್ಲಿ ಒಬ್ಬಳು ಗೆದ್ದ ಹಾಗೆ. ಅವರ ಮುಖ ನೋಡಬೇಕಿತ್ತು.

ಗುಬ್ಬಿ ಮೊದಲನೇ ಬಂಡೆಗೇ ಜಾರಿದಳು. ಎದ್ದಳು. ಮತ್ತೆ ಹತ್ತಿದಳು. ಮತ್ತೆ ಚಕ್ರ ಪುಟಿಯಿತು, ಕೆಸರಿಗೆ ಮುಖ ಅಡಿಯಾಗಿ ಬಿದ್ದಳು.

ಮ್ಯಾನೇಜರ್ ನಕ್ಕ. ನಕ್ಕು ನನ್ನ ಕಡೆ ತಿರುಗಿದ. "ಏನಮ್ಮ, ಕಾಯಂ ಮಾಡಿ ಕಾಯಂ ಮಾಡಿ ಅಂತ ಬಾಯಿ ಬಡ್ಕೊಂಡ್ರಲ್ಲ, ಇವರಿಗೇನಾ? ಎರಡು ಕಾಲು ಒಂದು ಕಡೆ ನಿಲ್ಲಲ್ಲ. ನೀರು ಎರಚೋ ಜಾತಿಗೆ ನೀರು ಎರಚೋದೇ ಸರಿ."

ಜಾತಿ ಅಂದ. ಯಾವ ಅರ್ಥದಲ್ಲಿ ಅಂದನೋ, ಅವನನ್ನೇ ಕೇಳಬೇಕು. ಆ ಹೆಂಗಸರು ತಲೆ ತಗ್ಗಿಸಿದರು. ಗುಬ್ಬಿ ಕೆಸರಿನಿಂದ ಏಳುತ್ತಿದ್ದಳು, ಮೊದಲ ಸಲ ನಗದೆ.

ನನ್ನ ಮೈಗೆಲ್ಲ ಬೆಂಕಿ ಬಿತ್ತು. ಅವಳನ್ನು ಬೈಯುವ ಹಕ್ಕು ನನ್ನದು! ಒಂದೇ ಪಾತ್ರೆಯಲ್ಲಿ ಉಣ್ಣುವವಳು ನಾನು, ಸ್ನಾನದ ಬಿಸಿನೀರಿಗೆ ಜಗಳ ಆಡುವವಳು ನಾನು. ಇವನು ಯಾರು? ನಾನು ಮುಚ್ಚಿಟ್ಟ ಗಾಳಿಯ ಮೇಲೆ ನಿಂತು, ಅಷ್ಟೂ ಹೆಂಗಸರ ಮುಖಕ್ಕೆ ಉಗುಳಿ ಹೋಗಲು ಇವನು ಯಾರು?

"ಸಾರ್, ಎರಡು ನಿಮಿಷ ನಿಲ್ಲಿ" ಅಂದೆ.

"ಮೀಟಿಂಗ್ ಇದೆ" ಎಂದು ಹೋದ. ಹೋಗಲಿ.

ಗುಬ್ಬಿಯನ್ನು ಬೈಕಿನ ಮೇಲೆ ನಿಲ್ಲಿಸಿದೆ. ನಾನು ಕೆಸರಲ್ಲಿ ಕೂತೆ, ಮೊಣಕಾಲು ಚುರ್ರ್ ಅಂದಿತು. "ಕುಕ್ಕು" ಅಂದೆ. ಕುಕ್ಕಿದಳು. ವಾಲ್ವಿನ ಪಿನ್ನು ಒತ್ತಿ ಗಾಳಿ ಬಿಟ್ಟೆ. "ಮತ್ತೆ ಕುಕ್ಕು." ಒತ್ತಿದೆ. ಒಂದು ಬೆರಳು ಉಬ್ಬಿತು. ಇನ್ನೊಂದು ಸಲ ಒತ್ತಿದೆ. ಎರಡು ಬೆರಳು. ಗೇಜು ಇಟ್ಟು ನೋಡಿದರೆ ನಾಲ್ಕಕ್ಕೆ ನಿಂತಿತ್ತು.

ಅವಳು ಮೊದಲನೇ ಬಂಡೆ ಹತ್ತಿದಳು. ಎರಡನೇದು. ಮೂರನೇದು. ಬಕೆಟ್ಟುಗಳ ಮೇಲೆ ಬಡಿದು ಹೆಂಗಸರು ಎಬ್ಬಿಸಿದ ಸದ್ದಿಗೆ ಬ್ರೇಕಣ್ಣ ಕಿವಿ ಮುಚ್ಚಿಕೊಂಡರು. ಇದನ್ನು ನೋಡಲು ಆ ಮ್ಯಾನೇಜರ್ ಇರಬೇಕಿತ್ತು. ಗುಬ್ಬಿಗೋಸ್ಕರ ಅಲ್ಲ. ಅವನ ಮುಖ ನೋಡಲು.

ಮಾರ್ಚ್ ೨೩, ಭಾನುವಾರ

ನಾಲ್ಕು ಪೌಂಡಿನಲ್ಲಿ ಅವಳು ಏನೇನೋ ಮಾಡುತ್ತಿದ್ದಾಳೆ. ಸಿಮೆಂಟ್ ದಿಮ್ಮಿಯ ತುದಿಯಲ್ಲಿ ನಿಂತು, ಮುಂದಿನ ಚಕ್ರ ಎತ್ತಿ, ತಿರುಗಿ, ಇನ್ನೊಂದು ದಿಮ್ಮಿಗೆ ಇಡುತ್ತಾಳೆ. ನಾನು ಆರು ವರ್ಷದಲ್ಲಿ ಒಂದು ಸಲವೂ ಮಾಡದಿದ್ದದ್ದು. ನೋಡುತ್ತ ನಿಂತರೆ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದ ಹಾಗೆ. ಬಿದ್ದಾಗ ಎಷ್ಟು ಹಾಯಾಗಿತ್ತು! ಈಗ ಊಟವೂ ಬೇಡ.

ಉರಿ ತಡೆಯಲಾರದೆ ಕೆಲಸಕ್ಕೆ ಇಳಿದೆ. ಒಣ ಬಂಡೆಗೆ ನಾಲ್ಕು ಸಾಕು. ಕೆಸರು ದಾಟಿ ಬಂದ ಒದ್ದೆ ಟೈರಿಗೆ ಇನ್ನೂ ಕಾಲು ಪೌಂಡ್ ಇಳಿಸಬೇಕು. ಚೂಪು ಅಂಚು ಇದ್ದರೆ ಕಾಲು ಪೌಂಡ್ ಏರಿಸಬೇಕು. ಮುಂದಿನ ಟೈರಿಗೆ ಯಾವಾಗಲೂ ಒಂದು ಪೌಂಡ್ ಹೆಚ್ಚು, ಅಂಚಿಗೆ ಮೊದಲು ಡಿಕ್ಕಿ ಹೊಡೆಯುವುದು ಅದೇ. ಪ್ರತಿ ಸಲವೂ ಅವಳನ್ನು ನಿಲ್ಲಿಸಿ, ಕುಕ್ಕಿಸಿ, ಬಗ್ಗಿ ನೋಡಿದೆ. ಕತ್ತಲಾದದ್ದು ಗೊತ್ತಾಗಲಿಲ್ಲ. "ಅತ್ತಿಗೆ, ಹಸಿವು" ಎಂದು ಅವಳು ಅತ್ತುಕೊಂಡ ಮೇಲೆ ಬಿಟ್ಟೆ.

ಮಾರ್ಚ್ ೨೭, ಗುರುವಾರ

ಮೊಣಕಾಲಿಗೆ ಬಿಸಿನೀರಿನ ಬಟ್ಟೆ ಇಟ್ಟುಕೊಂಡು ಕೂತಿದ್ದೆ. ಗುಬ್ಬಿ ಬಂದು ಪಕ್ಕದಲ್ಲಿ ಕೂತಳು. ಅವಳ ಅಣ್ಣ ಇನ್ನೂ ಡ್ಯೂಟಿಯಲ್ಲಿ.

"ಅತ್ತಿಗೆ, ಗಾಳಿ ಮೊದಲೇ ಯಾಕೆ ಇಳಿಸ್ಲಿಲ್ಲ?"

ಕೇಳಿಯೇ ಬಿಟ್ಟಳು. ಮೊಣಕಾಲಿನ ಕಥೆ ಹೇಳಬಹುದಿತ್ತು. ನಾಲಗೆ ಒಪ್ಪಲಿಲ್ಲ.

"ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಕಣೇ" ಅಂದೆ.

"ಗೊತ್ತು" ಅಂದಳು. ಬಟ್ಟೆ ಹಿಂಡಿ ಮತ್ತೆ ನನ್ನ ಮೊಣಕಾಲಿಗಿಟ್ಟಳು. "ನಾನಾಗಿದ್ರೆ ಗಾಳೀನೇ ಹಾಕ್ತಿರ್ಲಿಲ್ಲ."

ಬಾಯಿ ನೋಡು ಇವಳದ್ದು! ಬೈಯಬೇಕು ಅಂದುಕೊಂಡೆ. ಇಬ್ಬರೂ ನಗುವುದನ್ನು ಕೇಳಿಸಿಕೊಂಡು ಪಕ್ಕದ ಮನೆಯವಳು ಏನಾಯಿತೆಂದು ಇಣುಕಿ ಹೋದಳು.

"ಮೂರನೇ ಸ್ಥಾನ ಬರ್ಲಿಲ್ಲ ಅಂದ್ರೆ?" ಎಂದು ಆಮೇಲೆ ಕೇಳಿದಳು. "ಕಾಂಟ್ರಾಕ್ಟರ್ ಮುಂದಿನ ತಿಂಗಳು ಹತ್ತು ಜನಾನ ತೆಗೀತಾನಂತೆ. ಮೊದಲು ನನ್ನ ಹೆಸರೇ. ಬೈಕ್ ಬೈಕ್ ಅಂತ ಕೆಲಸ ಬಿಟ್ಟು ಹೋಗ್ತೀನಂತೆ ನಾನು."

ಈ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಸಂಘದ ಕಾರ್ಯದರ್ಶಿಗೆ ಫೋನು ಹಚ್ಚಿ ಜಾಡಿಸಿದೆ.

ಮಾರ್ಚ್ ೩೦, ಭಾನುವಾರ

ಸ್ಪರ್ಧೆ ಊರಾಚೆ, ಕೆಲಸ ನಿಂತುಹೋದ ಕಲ್ಲುಗಣಿಯಲ್ಲಿ. ಹನ್ನೆರಡು ಡಿಪೋದವರು. ಹೆಂಗಸರು ಗಂಡಸರು ಅಂತ ಬೇರೆ ಇಲ್ಲ, ಬಂಡೆಗೆ ಆ ಭೇದ ಗೊತ್ತಿಲ್ಲ. ಎರಡೂ ಬದಿಗೆ ಟೇಪು ಕಟ್ಟಿದ ಆರು ಹಂತಗಳು. ಒಂದೊಂದರ ಕೊನೆಗೂ ಒಬ್ಬ ತೀರ್ಪುಗಾರ, ಬೆರಳೆತ್ತಿ ದಂಡ ತೋರಿಸುತ್ತಾನೆ.

ಬೆಳಿಗ್ಗೆ ಚಳಿಯಲ್ಲಿ ನಾಲ್ಕು ಇಟ್ಟೆ. ಎರಡು ಹಂತ ಸಲೀಸು. ಮೂರನೇದರಲ್ಲಿ ಬೈಕು ಮತ್ತೆ ಪುಟಿಯಿತು, ಎರಡು ಸಲ ಕಾಲೂರಿದಳು. ಓಡಿ ಹೋಗಿ ಟೈರು ಮುಟ್ಟಿದೆ: ಕಾದ ಕಾವಲಿ. ಗಣಿಯ ಕಲ್ಲೆಲ್ಲ ಬಿಸಿಲಿಗೆ ಕಾದು, ಒಳಗಿನ ಗಾಳಿ ಉಬ್ಬಿ, ನಾಲ್ಕು ಇದ್ದದ್ದು ಐದರ ಹತ್ತಿರ ಬಂದಿದೆ. ಬಸ್ಸಿನ ಟೈರಿನಲ್ಲಿ ಇದು ಲೆಕ್ಕಕ್ಕೇ ಬಾರದು. ಇಲ್ಲಿ ಇದೇ ಎಲ್ಲ. ಆಮೇಲೆ ಪ್ರತಿ ಹಂತಕ್ಕೂ ಮೊದಲು ಬೈಕನ್ನು ನನ್ನ ನೆರಳಿನಲ್ಲಿ ನಿಲ್ಲಿಸಿ ಗಾಳಿ ನೋಡಿದೆ. ನನ್ನ ಮೈ ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಆರನೇ ಹಂತಕ್ಕೆ ಬಂದಾಗ ಗುಬ್ಬಿ ನಾಲ್ಕನೇ ಸ್ಥಾನದಲ್ಲಿದ್ದಳು. ಮೂರನೆಯವನು ಆಗಲೇ ಆ ಹಂತ ಮುಗಿಸಿದ್ದ. ಅವನನ್ನು ಹಿಂದೆ ಹಾಕಲು ಅವಳಿಗೆ ಒಂದೇ ಒಂದು ಸಲ ಕಾಲೂರುವ ಸ್ವಾತಂತ್ರ್ಯ. ಎರಡಾದರೆ ಮುಗಿಯಿತು.

ಆ ಹಂತವನ್ನು ಒಂದು ಸಲ ನಡೆದು ನೋಡಿಕೊಂಡು ಬಂದೆ. ಮೊದಲು ಕೆಸರು, ಆಮೇಲೆ ಒದ್ದೆ ಬಂಡೆ, ಅದರ ತಲೆಯ ಮೇಲೆ ಉಳಿಯಿಂದ ಕೊರೆದ ಹಾಗೆ ಚೂಪು ಅಂಚು. ಕೆಸರಿಗೆ ಗಾಳಿ ಕಡಿಮೆ ಬೇಕು. ಅಂಚಿಗೆ ಹೆಚ್ಚು ಬೇಕು. ನನ್ನ ಕಾಲು ಹೋದದ್ದು ಇಂಥದ್ದೇ ಅಂಚಿನಲ್ಲಿ. ಬೇರೆ ಡಿಪೋದವರೆಲ್ಲ ಪಂಪು ಹಿಡಿದು ಏರಿಸುತ್ತಿದ್ದರು.

ಗುಬ್ಬಿ ಬೈಕಿನ ಮೇಲೆ ನಿಂತಳು. "ಎಷ್ಟು ಅತ್ತಿಗೆ?"

"ಕಾಲಿಗೆ ಏನನ್ಸುತ್ತೆ?"

"ನನ್ನನ್ನ ಕೇಳ್ತೀರಾ?"

"ಮೇಲೆ ನಿಂತಿರೋಳು ನೀನು. ಇನ್ಯಾರನ್ನ ಕೇಳ್ಲಿ, ಬ್ರೇಕಣ್ಣನ್ನ?"

ಕುಕ್ಕಿದಳು. ಕಣ್ಣು ಮುಚ್ಚಿ ಇನ್ನೊಂದು ಸಲ ಕುಕ್ಕಿದಳು. "ಇನ್ನೊಂಚೂರು ಬಿಡಿ."

ಗೇಜು ನಾಲ್ಕರಲ್ಲಿತ್ತು. ಪಿನ್ನು ಒತ್ತಿದೆ. "ಇನ್ನೂ" ಅಂದಳು. ಮೂರೂವರೆ. ಇಷ್ಟು ಕೆಳಗೆ ನಾನು ಯಾವ ಟೈರನ್ನೂ ಯಾವತ್ತೂ ಇಳಿಸಿಲ್ಲ. ಇವಳ ಮೊಣಕಾಲು ಹೋದರೆ ಇವಳಣ್ಣನಿಗೆ ಏನು ಹೇಳಲಿ? ಅಣ್ಣನ ಮಾತಿರಲಿ, ನನಗೆ ನಾನೇ ಏನು ಹೇಳಿಕೊಳ್ಳಲಿ?

ಹೋದಳು. ಕೆಸರಿನ ನಡುವೆ ಒಂದು ಸಲ ಕಾಲೂರಿದಳು. ತೀರ್ಪುಗಾರ ಒಂದು ಬೆರಳೆತ್ತಿದ. ಬಂಡೆಗೆ ಬಂದಳು. ನಾನು ಪಕ್ಕದಲ್ಲಿ ಓಡುತ್ತಿದ್ದೆ; ಓಡಿದೆ ಅನ್ನುವುದೇ ಈಗ ನೆನಪಾಗಿ ಆಶ್ಚರ್ಯ. ಮುಂದಿನ ಚಕ್ರ ಅಂಚು ದಾಟಿತು. ಹಿಂದಿನ ಟೈರು ಅಂಚಿಗೆ ಬಡಿಯಿತು. ರಿಮ್ಮಿನ ಸದ್ದಿಗೆ ಕಿವಿ ನಿಮಿರಿಸಿದ್ದೆ. ಸದ್ದಿಲ್ಲ. ರಬ್ಬರು ಆ ಅಂಚನ್ನು ಹಲ್ಲಿ ಗೋಡೆ ಹಿಡಿದ ಹಾಗೆ ತಬ್ಬಿ ಹಿಡಿಯಿತು. ಅವಳು ಮೇಲೆ ಹೋಗಿ ನಿಂತು ಕೈ ಎತ್ತಿದಳು.

ಮೂರನೇ ಸ್ಥಾನ.

ನನ್ನ ಆರು ವರ್ಷದ ಅತಿ ದೊಡ್ಡ ಸಾಧನೆ ಐದನೇ ಸ್ಥಾನ. ಅವಳಿಗೆ ಮೊದಲ ವರ್ಷವೇ ಮೂರು. ಬಸ್ಸು ತೊಳೆಯುವ ಹೆಂಗಸರು ಅವಳನ್ನು ಹೆಗಲ ಮೇಲೆ ಎತ್ತಿಕೊಂಡರು. ನನ್ನ ಗಂಡ ಅತ್ತರು. ಬ್ರೇಕಣ್ಣ "ನಾನು ಹೇಳಿರ್ಲಿಲ್ವಾ?" ಎಂದು ಸಿಕ್ಕಿದವರಿಗೆಲ್ಲ ಹೇಳಿದರು. ನನ್ನ ಕಡೆ ಒಬ್ಬರೂ ತಿರುಗಲಿಲ್ಲ. ಗುಬ್ಬಿಯ ಬೈಕನ್ನು ತಳ್ಳಿಕೊಂಡು ಹೋಗಿ ಲಾರಿಗೆ ಹಾಕಿದೆ.

ಮಾರ್ಚ್ ೩೧, ಸೋಮವಾರ

ಮ್ಯಾನೇಜರ್ ಕರೆಸಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಕುರ್ಚಿ ತೋರಿಸಿ "ಕೂತ್ಕೊಳ್ಳಿ" ಅಂದ. ಕೂತೆ.

"ನೋಡಿಮ್ಮ, ನಿಜ ಮಾತಾಡೋಣ. ಗೆದ್ದಿದ್ದು ಯಾರು? ನೀವು. ನೀವು ಗಾಳಿ ನೋಡ್ದೇ ಇದ್ದಿದ್ರೆ ಆ ಹುಡುಗಿ ಮೊದಲನೇ ಕಲ್ಲಿಗೇ ಉರುಳ್ತಿದ್ಲು. ನಾನೇ ಕಣ್ಣಾರೆ ನೋಡಿದ್ದೀನಲ್ಲ. ಇದು ಇಬ್ಬರ ಆಟ. ಹಾಗಾಗಿ ಸ್ಥಾನ ಡಿಪೋದ್ದು, ಒಬ್ಬಳದ್ದಲ್ಲ. ಕಾಯಂ ಮಾತು ಇದಕ್ಕೆ ಬರಲ್ಲ. ಆದರೆ ನಿಮಗೆ ಮೇಲ್ವಿಚಾರಕಿ ಹುದ್ದೆ ಕೊಡ್ತೀನಿ. ಗುಂಡಿ ಇಳಿಯೋ ಹಾಗಿಲ್ಲ, ಬಗ್ಗೋ ಹಾಗಿಲ್ಲ. ಮೇಜು, ಕುರ್ಚಿ, ಫ್ಯಾನು. ಇಬ್ಬರ ಆಟ ಅಂತ ನೀವೊಂದು ಮಾತು ಬರೆದುಕೊಟ್ರೆ ಮುಗೀತು."

ಗೆದ್ದಿದ್ದು ನೀವು. ಒಂದು ತಿಂಗಳಿಂದ ಈ ಮಾತನ್ನು ಯಾರಾದರೂ ಹೇಳಲಿ ಎಂದು ಬಾಯಿಬಿಟ್ಟುಕೊಂಡು ಕಾದಿದ್ದೆ. ಗಂಡ ಹೇಳಲಿಲ್ಲ. ಬ್ರೇಕಣ್ಣ ಹೇಳಲಿಲ್ಲ. ಸಂಘ ಹೇಳಲಿಲ್ಲ. ಹೇಳಿದವನು ಇವನು! ಮತ್ತು ಕೇಳಲು ಸಿಹಿಯಾಗಿತ್ತು. ಇಲ್ಲಿ ಸುಳ್ಳು ಯಾಕೆ ಬರೆಯಲಿ, ಬಹಳ ಸಿಹಿಯಾಗಿತ್ತು. "ಯೋಚನೆ ಮಾಡಿ ಹೇಳ್ತೀನಿ ಸಾರ್" ಎಂದು ಎದ್ದು ಬಂದೆ.

ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಬಂದಿತ್ತು. ಗುಬ್ಬಿ ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ತಗೊಳ್ಳಿ ಅತ್ತಿಗೆ. ನಿಮ್ಮ ಕಾಲಿಗೆ ಆ ಗುಂಡಿ ಇಳಿಯೋದು ಇನ್ನು ಆಗಲ್ಲ. ನಾನು ಬೇರೆ ಕೆಲಸ ನೋಡ್ಕೋತೀನಿ."

ದೊಡ್ಡತನ ತೋರಿಸಲು ಬಂದಳು! ಬೈಕಿನ ಮೇಲೂ ಅವಳೇ ಮುಂದೆ, ಇದರಲ್ಲೂ ಅವಳೇ ಮುಂದಾ? "ಏಯ್, ನಿನ್ನ ದಾನ ಯಾರಿಗೆ ಬೇಕೇ?" ಎಂದು ಕೂಗಿದೆ. ಅವಳ ಅಣ್ಣ ಊಟದ ತಟ್ಟೆ ಬಿಟ್ಟು ಎದ್ದು ಬಂದರು.

ಕೂಗಿದ ಮೇಲೆ ತಲೆ ತಿಳಿಯಾಯಿತು. ಆ ಮನುಷ್ಯ ಕಟ್ಟೆಯ ಮೇಲೆ ನಿಂತು ನೋಡಿದ್ದು ಗುಬ್ಬಿ ಬಿದ್ದದ್ದನ್ನು ಮಾತ್ರ ಅಲ್ಲ. ನನ್ನ ಮುಖವನ್ನೂ ನೋಡಿದ್ದಾನೆ. ನನ್ನೊಳಗೆ ಎಷ್ಟು ಕಿಚ್ಚಿದೆ ಎಂದು ಅಳೆದಿದ್ದಾನೆ. ನನ್ನ ಹೊಟ್ಟೆಕಿಚ್ಚನ್ನು ಡೀಸೆಲ್ಲಿನ ಹಾಗೆ ಸುರಿದುಕೊಂಡು ಅವನು ತನ್ನ ಬಸ್ಸು ಓಡಿಸಲು ಹೊರಟಿದ್ದಾನೆ, ಅಷ್ಟೂ ಬಸ್ಸು ತೊಳೆಯುವ ಹೆಂಗಸರ ಮೇಲೆ ಹತ್ತಿಸಿಕೊಂಡು. ಕಿಚ್ಚು ನನ್ನದು. ಅದನ್ನು ಎಲ್ಲಿ ಹಚ್ಚಬೇಕು ಅನ್ನುವುದನ್ನೂ ನಾನೇ ನೋಡಿಕೊಳ್ಳುತ್ತೇನೆ.

ನಾಳೆ ಸಂಘದ ಸಭೆ.

ಏಪ್ರಿಲ್ ೨, ಬುಧವಾರ

ಟೈರು ವಿಭಾಗದ ಒಪ್ಪಿಗೆ ಇಲ್ಲದೆ ಯಾವ ಬಸ್ಸೂ ಗೇಟು ದಾಟುವಂತಿಲ್ಲ. ಇದು ಆಡಳಿತದವರೇ ಮಾಡಿದ ನಿಯಮ. ಪ್ರತಿ ಚಕ್ರ ತಣ್ಣಗಿರುವಾಗ ಗೇಜು ಇಟ್ಟು ಗಾಳಿ ಅಳೆಯಬೇಕು, ಸ್ಟೆಪ್ನಿಯನ್ನೂ ಸೇರಿಸಿ. ಹಾಗೆ ಯಾರೂ ಮಾಡುವುದಿಲ್ಲ. ಸುತ್ತಿಗೆಯಿಂದ ಒಂದು ಏಟು ಹೊಡೆದು ಸದ್ದು ಕೇಳುತ್ತೇವೆ, ಹೋಗು ಅನ್ನುತ್ತೇವೆ. ನಿನ್ನೆ ಸಭೆಯಲ್ಲಿ ಮಾತಾದ ಹಾಗೆ ಇವತ್ತು ಸುತ್ತಿಗೆಯನ್ನು ಯಾರೂ ಮುಟ್ಟಲಿಲ್ಲ. ಮುಷ್ಕರ ಅಲ್ಲ, ಧಿಕ್ಕಾರ ಇಲ್ಲ. ನಿಯಮ, ಬರೀ ನಿಯಮ.

ಬಸ್ಸುಗಳು ಸಾಲುಗಟ್ಟಿದವು. ಡ್ರೈವರುಗಳು ಎಂಜಿನ್ ಆರಿಸಿ ಟೀ ಕುಡಿಯಲು ಇಳಿದರು. ನನ್ನ ಗಂಡ ಗೇಟಿನಲ್ಲಿ ನಿಂತು ಪ್ರಯಾಣಿಕರಿಗೆ, "ನಿಮ್ಮ ಪ್ರಾಣ ಮುಖ್ಯ ಸ್ವಾಮಿ, ಟೈರ್ ಚೆಕ್ ಆಗ್ತಿದೆ" ಎಂದು ವಿವರಿಸುತ್ತಿದ್ದರು. ಗುಬ್ಬಿಯ ಕಾಯಂ ಕಥೆಯನ್ನೂ ಉಚಿತವಾಗಿ ಹೇಳಿದರಂತೆ. ಬೈಯಲು ಬಂದವರಲ್ಲಿ ಕೆಲವರು ಮ್ಯಾನೇಜರ್ ಕೋಣೆಯ ಕಡೆ ತಿರುಗಿದರು.

ಮ್ಯಾನೇಜರ್ ಕೊನೆಗೆ ಗುಂಡಿಗೆ ಇಳಿದು ಬಂದ. ಆ ಮೆಟ್ಟಿಲ ಮೇಲೆ ಅವನ ಷೂ ಬಿದ್ದದ್ದು ಅದೇ ಮೊದಲು. ಗ್ರೀಸಿಗೆ ಜಾರಿ ಗೋಡೆ ಹಿಡಿದುಕೊಂಡ.

"ಇನ್ನೆಷ್ಟು ಬಸ್ಸಿದೆ?"

"ತುಂಬಾ ಇವೆ ಸಾರ್. ಕೈ ಸಾಲ್ತಿಲ್ಲ. ಗುಬ್ಬೀನ ಕಾಯಂ ಮಾಡಿ ಈ ಕಡೆ ಹಾಕಿದ್ರೆ ಎರಡು ಕೈ ಜಾಸ್ತಿ ಆಗುತ್ತೆ."

"ನಿಮಗೆ ಮೇಲೆ ಕುರ್ಚಿ ಕೊಡ್ತೀನಿ ಅಂದ್ನಲ್ಲಮ್ಮ! ಗೆದ್ದಿದ್ದು ನೀವೇ ಅಂತ ಹೇಳಿದ್ನಲ್ಲ!"

"ಬಂಡೆ ಹತ್ತಿದವಳು ಅವಳು ಸಾರ್. ನಾನು ಕೆಸರಲ್ಲಿ ಕೂತಿದ್ದೆ. ಸ್ವಲ್ಪ ಸರೀತೀರಾ, ಬೆಳಕು ಬರ್ತಿಲ್ಲ."

ಮಧ್ಯಾಹ್ನ ಗುಬ್ಬಿಯ ಕಾಯಂ ಆದೇಶ ಬಂತು. ಕಾರ್ಯದರ್ಶಿ ಅದನ್ನು ಎರಡು ಸಲ ಓದಿ, ಸಹಿ, ಮೊಹರು ಎರಡನ್ನೂ ನೋಡಿ, ಆಮೇಲೆ ನಮ್ಮ ಕಡೆ ಕೈ ಬೀಸಿದರು. ಬಸ್ಸು ತೊಳೆಯುವ ಹೆಂಗಸರಲ್ಲಿ ಮಿಕ್ಕವರ ಆದೇಶ ಎಲ್ಲಿ? ಅದು ಇನ್ನೂ ಇದೆ. ಅದಕ್ಕೂ ಬರುತ್ತೇವೆ.

ಗುಬ್ಬಿ ಮೆಟ್ಟಿಲು ಹಾರಿ ಗುಂಡಿಗೆ ಬಂದಳು. ಮುಖ ಅತ್ತು ಕೆಂಪಾಗಿತ್ತು. ಏನೋ ಹೇಳಲು ಬಾಯಿ ತೆರೆದಳು. "ಮಾತು ಆಮೇಲೆ. ಆ ಚಕ್ರ ಹಿಡಿ" ಅಂದೆ. ಗೇಜು ಕೊಟ್ಟೆ. ಇಟ್ಟು ನೋಡಿ, "ನೂರನಾಲ್ಕು. ಆರು ಕಮ್ಮಿ" ಅಂದಳು. ನಾನು ಮತ್ತೆ ಇಟ್ಟು ನೋಡಿದೆ. ನೂರನಾಲ್ಕೇ. ಗೇಜನ್ನು ಓರೆಕೋರೆ ಇಲ್ಲದೆ ವಾಲ್ವಿನ ಮೇಲೆ ಕೂರಿಸುವುದನ್ನು ಕಲಿಯಲು ನನಗೆ ವಾರಗಟ್ಟಲೆ ಬೇಕಾಗಿತ್ತು. ಇವಳು ಮೊದಲನೇ ಸಲಕ್ಕೇ.

ಹೊಟ್ಟೆ ಉರಿಯಿತು. ಸರಿದು ಜಾಗ ಕೊಟ್ಟೆ.